ಐದು ಕಾಲಿನ ಜಡೆ: ಈಗ ಯಾವ ಕೈಯ ಸರದಿ?

ಪ್ರಶ್ನೆ: ಮೇಡಂ, ನನ್ನ ಕೂದಲು ಸೊಂಟದವರೆಗೆ ಇದೆ. ಮೂರು ಕಾಲಿನ ಜಡೆಯನ್ನು ಚಿಕ್ಕಂದಿನಿಂದ ನಾನೇ ಹಾಕಿಕೊಳ್ಳುತ್ತೇನೆ, ಕನ್ನಡಿಯೂ ಬೇಕಾಗಲ್ಲ. ಈಗ ನಾಲ್ಕು ಕಾಲು, ಐದು ಕಾಲಿನದು ಕಲಿಯಬೇಕು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ವಿಡಿಯೋ ನೋಡುವಾಗ ಎಲ್ಲಾ ಅರ್ಥವಾಗುತ್ತದೆ. ಕೈ ತಲೆಯ ಹಿಂದೆ ಹೋದ ಕೂಡಲೇ ಯಾವ ಎಳೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಅರ್ಧ ಆಗುವಷ್ಟರಲ್ಲಿ ತೋಳು ನೋಯುತ್ತದೆ, ಕೆಳಗೆ ಕೂದಲೆಲ್ಲ ಸಿಕ್ಕಾಗಿರುತ್ತದೆ. ಒಂದೆರಡು ಸಲ ಹೇಗೋ ಮುಗಿಸಿದೆ, ಆದರೆ ಕತ್ತಿನ ಹತ್ತಿರ ಜೋತುಬಿದ್ದಿತ್ತು. ಬಿಗಿಯಾಗಿ ಎಳೆದು ಹಾಕು, ಬಿಗಿ ಜಡೆ ಹಾಕಿದರೆ ಕೂದಲೂ ಉದ್ದ ಬರುತ್ತೆ ಅಂತಾರೆ ನಮ್ಮ ಅತ್ತೆ. ಹಾಗೆ ಹಾಕಿದಾಗ ಕಿವಿಯ ಮೇಲೆಲ್ಲ ಚುರುಚುರು ಅಂತಿತ್ತು. ಮಾರನೇ ದಿನ ಸಂಜೆ ಬಿಚ್ಚಿದಾಗ ಒಂದು ಹಿಡಿ ಕೂದಲು ಕೈಗೆ ಬಂತು, ಹೆದರಿಬಿಟ್ಟೆ. ಒದ್ದೆ ಕೂದಲಲ್ಲಿ ಹಾಕಿದರೆ ಸುಲಭ ಅಂತ ಗೆಳತಿ ಹೇಳುತ್ತಾಳೆ. ನನ್ನ ಕೂದಲು ಅಷ್ಟೇನೂ ದಟ್ಟವಾಗಿಲ್ಲ. ನಿಜ ಹೇಳಿ, ಇದು ನಮ್ಮ ತಲೆಗೆ ನಾವೇ ಹಾಕಿಕೊಳ್ಳುವಂಥದ್ದಾ, ಅಥವಾ ಬೇರೆಯವರೇ ಹಾಕಬೇಕಾ?

ಉತ್ತರ: ನೀವೇ ಹಾಕಿಕೊಳ್ಳಬಹುದು. ಕನ್ನಡಿ ಇಲ್ಲದೆ ಮೂರು ಕಾಲಿನ ಜಡೆ ಹಾಕಿಕೊಳ್ಳುವವರಿಗೆ ಐದು ಕಾಲಿನದು ಖಂಡಿತ ಬರುತ್ತದೆ. ನಿಮಗೆ ತೊಡಕಾಗಿರುವುದು ಕಲಿಯುವ ಕ್ರಮ. ಮೂರಾಯಿತು, ಇನ್ನು ನಾಲ್ಕು, ಆಮೇಲೆ ಐದು ಅಂತ ಹೊರಟಿದ್ದೀರಿ. ಎಲ್ಲರೂ ಹಾಗೇ ಹೊರಡುತ್ತಾರೆ. ಆದರೆ ಚಪ್ಪಟೆಯಾಗಿ ಹೆಣೆಯುವ ನಾಲ್ಕು ಕಾಲಿನ ಜಡೆ ಐದಕ್ಕಿಂತ ಕಷ್ಟ. ಸದ್ಯಕ್ಕೆ ಅದನ್ನು ಬಿಟ್ಟುಬಿಡಿ.

ಯಾಕೆ ಅಂತ ಹೇಳುತ್ತೇನೆ. ಮೂರು ಕಾಲಿನ ಜಡೆ ಹಾಕುವಾಗ ನಿಮ್ಮ ಕೈ ಏನು ಮಾಡುತ್ತದೆ ಅಂತ ಒಮ್ಮೆ ನಿಧಾನವಾಗಿ ಗಮನಿಸಿ. ಒಂದು ಕೈಯಲ್ಲಿ ಎರಡು ಎಳೆ ಇರುತ್ತದೆ, ಇನ್ನೊಂದರಲ್ಲಿ ಒಂದು. ಎರಡಿರುವ ಕೈಯ ಹೊರಗಿನ ಎಳೆ ಪಕ್ಕದ್ದರ ಮೇಲೆ ಹಾದು ಆಚೆ ಕೈಗೆ ಹೋಗುತ್ತದೆ. ಈಗ ಆ ಕೈಯಲ್ಲಿ ಎರಡಾಯಿತು, ಅದರ ಸರದಿ ಬಂತು. ಎಡಗೈಗೂ ಬಲಗೈಗೂ ಒಂದೇ ನಿಯಮ. ಎಡ ಯಾವುದು, ಬಲ ಯಾವುದು ಅಂತ ನೀವು ಯೋಚಿಸುವುದೇ ಇಲ್ಲ, ಅಲ್ವಾ?

ಐದು ಕಾಲಿನದೂ ಹಾಗೇ. ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಮೂರಿರುವ ಕೈಯ ಸರದಿ. ಅದರ ಹೊರಗಿನ ಎಳೆ ಪಕ್ಕದ್ದರ ಮೇಲೆ, ಅದರಾಚೆಯದ್ದರ ಅಡಿಯಲ್ಲಿ ಹಾದು ಆಚೆ ಕೈಗೆ ಹೋಗುತ್ತದೆ. ಈಗ ಆ ಕೈಯಲ್ಲಿ ಮೂರು. ಅದರ ಹೊರಗಿನ ಎಳೆ ಒಂದರ ಮೇಲೆ, ಒಂದರ ಅಡಿಯಲ್ಲಿ, ಮತ್ತೆ ಈಚೆ ಕೈಗೆ. ಇಷ್ಟೇ. ಚಾಪೆ ಹೆಣೆದ ಹಾಗೆ ಒಂದು ಮೇಲೆ, ಒಂದು ಕೆಳಗೆ. ಏಳು ಕಾಲಿಗೂ ಇದೇ ಲೆಕ್ಕ, ನಾಲ್ಕಿರುವ ಕೈಯ ಹೊರಗಿನ ಎಳೆ ಮೇಲೆ, ಕೆಳಗೆ, ಮೇಲೆ ಹಾದು ಆಚೆ ಹೋಗುತ್ತದೆ.

ಬೆಸ ಸಂಖ್ಯೆಯ ಜಡೆಯಲ್ಲಿ ಇನ್ನೊಂದು ಲಾಭ ಇದೆ. ನಡುವೆ ಫೋನ್ ಬಂತು, ಗಮನ ತಪ್ಪಿತು, ಎಲ್ಲಿಗೆ ಬಂದಿದ್ದೆ ಅಂತ ಮರೆತುಹೋಯಿತು ಅಂದುಕೊಳ್ಳಿ. ಕೈಯಲ್ಲಿರುವ ಎಳೆ ಎಣಿಸಿದರೆ ಸಾಕು. ಮೂರು ಎಲ್ಲಿದೆಯೋ ಆ ಕೈಯೇ ಮುಂದುವರಿಸಬೇಕು. ನೋಡಬೇಕಾಗಿಲ್ಲ, ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಚಪ್ಪಟೆ ನಾಲ್ಕು ಕಾಲಿನ ಜಡೆಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಎಡಗಡೆಯ ಹೊರ ಎಳೆ ಪಕ್ಕದ್ದರ ಮೇಲೆ ಬರಬೇಕು. ಬಲಗಡೆಯದು ಪಕ್ಕದ್ದರ ಅಡಿಯಲ್ಲಿ ಬರಬೇಕು. ಆಮೇಲೆ ನಡುವಿನ ಎರಡನ್ನು ಅದಲುಬದಲು ಮಾಡಬೇಕು, ಅದರಲ್ಲೂ ಪ್ರತಿ ಸಲ ಬಲಗಡೆಯದೇ ಮೇಲಿರಬೇಕು. ಎರಡು ಕೈಗೆ ಎರಡು ನಿಯಮ, ನಡುವೆ ಮೂರನೆಯದು. ಒಂದು ಸುತ್ತು ಮುಗಿದಾಗ ಎರಡೂ ಕೈಯಲ್ಲಿ ಎರಡೆರಡೇ ಎಳೆ ಇರುವುದರಿಂದ ಎಣಿಸಿದರೂ ಸರದಿ ಗೊತ್ತಾಗುವುದಿಲ್ಲ. ಬೇರೆಯವರ ತಲೆಗೆ ಹಾಕುವಾಗ ಕಣ್ಣಿಗೆ ಕಾಣುವುದರಿಂದ ಹೇಗೋ ನಡೆಯುತ್ತದೆ. ನಮ್ಮ ತಲೆಯ ಹಿಂದೆ ಇದು ತಲೆನೋವು.

ಇನ್ನು ‘ಮೇಲೆ’, ‘ಅಡಿಯಲ್ಲಿ’ ಅನ್ನುವ ಮಾತು. ವಿಡಿಯೋ ನೋಡಿ ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕೈ ಹಿಂದೆ ಇರುವಾಗ ಮೇಲೆ ಅಂದರೆ ನೆತ್ತಿಯ ಕಡೆ ಅಂತ ಬೆರಳು ತಪ್ಪು ತಿಳಿಯುತ್ತದೆ. ಮೇಲೆ ಅಂದರೆ ನಿಮ್ಮ ಕತ್ತಿನಿಂದ ದೂರದ ಮಗ್ಗುಲು, ಅಂದರೆ ನಿಮ್ಮ ಹಿಂದೆ ನಿಂತವರಿಗೆ ಕಾಣುವ ಮಗ್ಗುಲು. ಅಡಿಯಲ್ಲಿ ಅಂದರೆ ಎಳೆಗೂ ಕತ್ತಿಗೂ ನಡುವಿನ ಜಾಗ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಮಾಡಿ, ‘ಹೊರಗೆ, ಒಳಗೆ, ಆಚೆ ಕೈಗೆ’ ಅಂತ. ಸ್ವಲ್ಪ ದಿನಕ್ಕೆ ಬಾಯಿ ಸುಮ್ಮನಾದರೂ ಕೈ ಮಾಡುತ್ತಿರುತ್ತದೆ.

ಎರಡು ಕನ್ನಡಿ ಇಟ್ಟುಕೊಂಡು ಹಿಂಭಾಗ ನೋಡುತ್ತಾ ಹಾಕುವ ಪ್ರಯತ್ನವನ್ನು ನಾನು ಯಾರಿಗೂ ಹೇಳುವುದಿಲ್ಲ. ಕಣ್ಣು ಒಂದು ದಿಕ್ಕು ಹೇಳುತ್ತದೆ, ಬೆರಳು ಇನ್ನೊಂದು. ಬೇಕಾದರೆ ಮುಗಿದ ಮೇಲೆ ಫೋನಿನಲ್ಲಿ ಹಿಂಭಾಗದ ಫೋಟೋ ತೆಗೆದು ನೋಡಿ. ಎಲ್ಲಿ ತಪ್ಪಿದೆ ಅಂತ ತಿಳಿಯಲು ಅಷ್ಟು ಸಾಕು.

ಮೊದಲು ಬಣ್ಣದ ದಾರ, ಆಮೇಲೆ ಕೂದಲು

ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನ ಕೂದಲು ಮುಟ್ಟಲು ಬಿಡುವುದಿಲ್ಲ. ಐದು ಬೇರೆ ಬೇರೆ ಬಣ್ಣದ ದಪ್ಪ ದಾರ ಅಥವಾ ರಿಬ್ಬನ್ ತೆಗೆದುಕೊಳ್ಳಿ. ತುದಿಗಳನ್ನು ಸೇರಿಸಿ ಕುರ್ಚಿಯ ಬೆನ್ನಿಗೆ ಕಟ್ಟಿ, ಎದುರಿಗೆ ಕೂತು ಹೆಣೆಯಿರಿ. ತಪ್ಪಿದರೆ ಬಣ್ಣದ ಸಾಲು ಕೆಡುತ್ತದೆ, ಕೂಡಲೇ ಕಾಣುತ್ತದೆ. ಅದು ಕೈಗೆ ಹತ್ತಿದ ಮೇಲೆ ಅದೇ ದಾರಗಳನ್ನು ಒಂದು ಕ್ಲಿಪ್ಪಿಗೆ ಕಟ್ಟಿ, ಕ್ಲಿಪ್ಪನ್ನು ಕತ್ತಿನ ಹಿಂದೆ ಕೂದಲಿಗೆ ಸಿಕ್ಕಿಸಿಕೊಂಡು ನೋಡದೆ ಹೆಣೆಯಿರಿ. ದಾರಕ್ಕೆ ಸಿಕ್ಕಿಲ್ಲ, ಜಾರುವುದಿಲ್ಲ, ಎಳೆದರೆ ನೋವೂ ಇಲ್ಲ. ಕೈ ಕಲಿಯಬೇಕಾದ್ದನ್ನು ಕೂದಲಿನ ಕಾಟ ಇಲ್ಲದೆ ಕಲಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಒಂದೇ ದಿನ ಒಂದು ಗಂಟೆ ಕೂತರೆ ಸಿಟ್ಟು ಬರುತ್ತದೆ ಅಷ್ಟೆ.

ಕೂದಲಿಗೆ ಬಂದಾಗ ಮೊದಲು ಹಿಂದೆ ಹಾಕಬೇಡಿ. ಎಲ್ಲಾ ಕೂದಲನ್ನೂ ಒಂದು ಕಿವಿಯ ಕೆಳಗೆ ತಂದು ಎದೆಯ ಮೇಲೆ ಇಳಿಬಿಟ್ಟು ಪಕ್ಕದ ಜಡೆ ಹಾಕಿ. ಪೂರ್ತಿ ಕಣ್ಣ ಮುಂದೆಯೇ ಇರುತ್ತದೆ, ತೋಳೂ ಎತ್ತಬೇಕಾಗಿಲ್ಲ. ಪಕ್ಕದ ಜಡೆ ನೋಡಲೂ ಚೆನ್ನಾಗಿರುತ್ತದೆ, ಎಷ್ಟೋ ಜನ ಅಲ್ಲೇ ನಿಲ್ಲಿಸಿಬಿಡುತ್ತಾರೆ. ದಿನವೂ ಒಂದೇ ಪಕ್ಕಕ್ಕೆ ಎಳೆಯಬೇಡಿ ಅಷ್ಟೆ. ಭಾರ ಒಂದೇ ಕಡೆಯ ಬುಡಕ್ಕೆ ಬೀಳುತ್ತದೆ.

ಐದು ಸಮ ಪಾಲು ಮಾಡಲು ಒಂದು ಉಪಾಯ ಇದೆ. ಮೊದಲು ಎರಡು ಪಾಲು ಮಾಡಿ. ಪ್ರತಿ ಪಾಲಿನ ಒಳಗಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಸೇರಿಸಿದರೆ ನಡುವಿನ ಎಳೆ ಆಯಿತು. ಉಳಿದ ಎರಡು ದೊಡ್ಡ ಪಾಲನ್ನು ಎರಡೆರಡು ಮಾಡಿ. ಒಂದಂಚಿನಿಂದ ಒಂದೊಂದೇ ಎಳೆ ತೆಗೆಯುತ್ತಾ ಹೋದರೆ ಕೊನೆಯ ಎಳೆ ಯಾವಾಗಲೂ ತೀರಾ ದಪ್ಪವೋ ತೀರಾ ತೆಳುವೋ ಆಗುತ್ತದೆ. ಎಳೆಗಳು ಸಮ ಇಲ್ಲದಿದ್ದರೆ ಜಡೆ ಒಂದು ಕಡೆಗೆ ವಾಲುತ್ತದೆ.

ಹಿಡಿಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿಡಿಯೋಗಳಲ್ಲಿ ಇದು ಬೆರಳ ಮರೆಯಲ್ಲಿ ಕಾಣದೇ ಹೋಗುತ್ತದೆ. ಎಡಗೈಯಲ್ಲಿ ಮೂರು ಎಳೆ ಇದೆ ಅಂದುಕೊಳ್ಳಿ. ಅವನ್ನು ಬೆರಳುಗಳ ನಡುವೆ ಬೇರೆ ಬೇರೆಯಾಗಿ ಹಿಡಿದು ಸುಮ್ನೆ ಇರಲಿ. ಕೆಲಸ ಮಾಡಬೇಕಾದ್ದು ಪಡೆಯುವ ಕೈ. ಬಲಗೈಯ ಎರಡು ಎಳೆಗಳನ್ನು ಕೊನೆಯ ಮೂರು ಬೆರಳಲ್ಲಿ ಹಿಡಿದುಕೊಳ್ಳಿ. ಹೆಬ್ಬೆರಳು, ತೋರುಬೆರಳು ಖಾಲಿ ಇರುತ್ತವೆ. ಆ ಎರಡು ಬೆರಳನ್ನು ಎಡಗೈಯ ಒಳಗಿನ ಎಳೆಯ ಅಡಿಯಿಂದ ತೂರಿಸಿ, ನಡುವಿನ ಎಳೆಯ ಹೊರಗಿನಿಂದ ಹಾಯಿಸಿ, ಹೊರ ಎಳೆಯನ್ನು ಹಿಡಿದು ಬಂದ ದಾರಿಯಲ್ಲೇ ಎಳೆದುಕೊಳ್ಳಿ. ಎಳೆ ತಾನಾಗಿಯೇ ಒಂದರ ಮೇಲೆ, ಒಂದರ ಅಡಿಯಲ್ಲಿ ಹಾದು ಬರುತ್ತದೆ. ಕಳಿಸುವ ಕೈಯಿಂದಲೇ ತೂರಿಸಲು ಹೋದರೆ ಉಳಿದ ಎರಡು ಎಳೆಯ ಹಿಡಿತ ತಪ್ಪುತ್ತದೆ. ನಿಮಗೆ ಯಾವ ಎಳೆ ಎಲ್ಲಿದೆ ಅಂತ ಗೊತ್ತಾಗದೇ ಹೋಗಿದ್ದು ಬಹುಶಃ ಹೀಗೇ.

ಪಕ್ಕದ ಜಡೆ ಸಲೀಸಾದ ಮೇಲೆ ಹಿಂದೆ ಶುರುಮಾಡಿ. ಕತ್ತಿನ ಹತ್ತಿರ ಐದಾರು ಹೆಣಿಗೆ ಆದರೆ ಸಾಕು, ಉಳಿದದ್ದನ್ನು ಭುಜದ ಮೇಲಿಂದ ಮುಂದೆ ತಂದುಕೊಳ್ಳಬಹುದು. ತರುವಾಗ ಜಡೆ ತಿರುಚಿಕೊಳ್ಳಬಾರದು. ಹೊರಗೆ ಕಾಣುತ್ತಿದ್ದ ಮಗ್ಗುಲೇ ಹೊರಗಿರಲಿ. ಹೀಗೆ ತಂದಾಗ ಹಿಂದೆ ಬಲಗಡೆ ಇದ್ದ ಎಳೆ ಮುಂದೆ ಎಡಗಡೆಗೆ ಬಂದಿರುತ್ತದೆ. ಐದು ಕಾಲಿನಲ್ಲಿ ಎರಡು ಕಡೆಗೂ ಒಂದೇ ನಿಯಮವಾದ್ದರಿಂದ ಇದರಿಂದ ಏನೂ ಆಗುವುದಿಲ್ಲ. ಚಪ್ಪಟೆ ನಾಲ್ಕರಲ್ಲಿ ಇದೇ ಜಾಗದಲ್ಲಿ ವಿನ್ಯಾಸ ತಲೆಕೆಳಗಾಗುತ್ತದೆ. ಅದನ್ನು ಬಿಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ತೋಳು ನೋವು, ಸಿಕ್ಕು, ಜೋತುಬೀಳುವುದು

ತೋಳು ನೋಯುವುದು ಸಹಜ. ಕೈಯನ್ನು ಎತ್ತಿ ಒಂದೇ ಕಡೆ ಹಿಡಿದಾಗ ಭುಜದ ಸ್ನಾಯು ಬಿಗಿದುಕೊಂಡೇ ಇರುತ್ತದೆ, ಅದಕ್ಕೆ ರಕ್ತ ಸರಿಯಾಗಿ ಹರಿಯದೆ ಬೇಗ ದಣಿಯುತ್ತದೆ. ಅಭ್ಯಾಸದಿಂದ ಶಕ್ತಿ ಬರುತ್ತದೆ ಅನ್ನುವುದಕ್ಕಿಂತ ಕೈ ಮೇಲಿರುವ ಹೊತ್ತು ಕಡಿಮೆಯಾಗುತ್ತದೆ. ಕಲಿಯುವ ದಿನಗಳಲ್ಲಿ ದೊಡ್ಡ ಕ್ಲಿಪ್ ಎರಡು ಪಕ್ಕದಲ್ಲಿರಲಿ. ನೋವು ಶುರುವಾದರೆ ಎಡಗೈಯ ಎಳೆಗಳಿಗೆ ಒಂದು, ಬಲಗೈಯವಕ್ಕೆ ಒಂದು ಕ್ಲಿಪ್ ಹಾಕಿ ಕೈ ಇಳಿಸಿ. ವಾಪಸ್ ಬಂದಾಗ ಮೂರಿರುವ ಕಡೆಯಿಂದ ಮುಂದುವರಿಸಿ. ಕೈ ಇಳಿಸಿದ ಮೇಲೂ ಜೋಮು ಹೋಗದಿದ್ದರೆ, ಅಥವಾ ಭುಜದ ನೋವು ದಿನಗಟ್ಟಲೆ ಉಳಿದರೆ ಅದು ಜಡೆಯ ಪ್ರಶ್ನೆಯಲ್ಲ. ಡಾಕ್ಟರಿಗೆ ತೋರಿಸಿ.

ಸಿಕ್ಕಿನ ವಿಷಯಕ್ಕೆ ಬರೋಣ. ನೀವು ಮೇಲೆ ಎಳೆಗಳನ್ನು ದಾಟಿಸಿದಂತೆಲ್ಲ ಕೆಳಗೆ ನೇತಾಡುವ ಬಾಲಗಳೂ ದಾಟಿಕೊಳ್ಳುತ್ತವೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಮೇಲೊಂದು ಜಡೆ ಬೆಳೆಯುತ್ತಿದ್ದರೆ ಕೆಳಗೆ ಅದರ ಕನ್ನಡಿ ಬಿಂಬದ ಹಾಗೆ ಇನ್ನೊಂದು ಬೆಳೆಯುತ್ತಿರುತ್ತದೆ. ಮೂರು ಕಾಲಿನ ಜಡೆಯಲ್ಲೂ ಇದು ಆಗುತ್ತದೆ, ನಿಮ್ಮ ಕೈ ಗೊತ್ತಿಲ್ಲದೆಯೇ ಬಿಡಿಸುತ್ತಿರುತ್ತದೆ. ಐದರಲ್ಲಿ ಬಾಲಗಳು ಜಾಸ್ತಿ, ತೆಳು ಕೂಡ. ಹಾಗಾಗಿ ಪ್ರತಿ ಎರಡು ಹೆಣಿಗೆಗೊಮ್ಮೆ, ಈಗಷ್ಟೇ ದಾಟಿಸಿದ ಎಳೆಯನ್ನು ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಿ ಹೊರಕ್ಕೆ ಎಳೆದುಕೊಳ್ಳಿ. ತುಂಬ ತೊಂದರೆ ಇದ್ದರೆ ಐದೂ ಎಳೆಯ ತುದಿಗೆ ಒಂದೊಂದು ಸಣ್ಣ ಮೆತ್ತನೆಯ ಬ್ಯಾಂಡ್ ಹಾಕಿ. ಬಾಲಗಳು ಸುತ್ತಿಕೊಂಡರೂ ಒಂದರ ಕೂದಲು ಇನ್ನೊಂದರಲ್ಲಿ ಬೆರೆಯುವುದಿಲ್ಲ, ಎಳೆದರೆ ಬಿಡಿಸಿಕೊಳ್ಳುತ್ತವೆ. ಕೆಳಗೆ ಇಳಿದಂತೆ ಬಾಲ ಗಿಡ್ಡವಾಗುತ್ತದೆ, ಕಾಟವೂ ಕಡಿಮೆಯಾಗುತ್ತದೆ. ಮೊದಲ ಅರ್ಧವೇ ಕಷ್ಟದ್ದು.

ತಲೆಗೆ ಸ್ನಾನ ಮಾಡಿದ ದಿನ ಕೂದಲು ಜಾರುತ್ತದೆ, ಹಾರುತ್ತದೆ. ಮಾರನೇ ದಿನದ ಕೂದಲು ಇದಕ್ಕೆ ಚೆನ್ನ. ಶುರುಮಾಡುವ ಮೊದಲು ಸಿಕ್ಕು ಪೂರ್ತಿ ಬಿಡಿಸಿ, ತುದಿಯಿಂದ ಆರಂಭಿಸಿ ಮೇಲೆ ಮೇಲೆ ಬನ್ನಿ. ಅಂಗೈಗೆ ಎರಡು ಹನಿ ಎಣ್ಣೆ ಹಚ್ಚಿಕೊಂಡು ಕೂದಲ ಮೇಲೆ ಸವರಿದರೆ ಹಾರುವ ಕೂದಲು ಕೂರುತ್ತದೆ. ಎರಡೇ ಹನಿ. ಜಾಸ್ತಿಯಾದರೆ ಎಳೆ ಕೈಯಿಂದ ಜಾರುತ್ತದೆ.

ಕತ್ತಿನ ಹತ್ತಿರ ಜೋತುಬೀಳುವುದಕ್ಕೆ ಬಿಗಿ ಸಾಲದೇ ಇದ್ದದ್ದು ಕಾರಣ ಅಲ್ಲ. ಜಡೆ ಹಾಕುವಾಗ ನೀವು ತಲೆ ಬಗ್ಗಿಸಿರಬೇಕು. ಕೈಗೆ ಅನುಕೂಲ ಅಂತ ಬಹಳ ಜನ ಬಗ್ಗಿಸುತ್ತಾರೆ. ತಲೆ ಬಗ್ಗಿದಾಗ ಕತ್ತಿನ ಹಿಂದಿನ ಚರ್ಮ ಹಿಗ್ಗಿರುತ್ತದೆ, ಆಗ ಕೂದಲು ಬಿಗಿಯಾಗಿಯೇ ಇದೆ ಅನಿಸುತ್ತದೆ. ತಲೆ ಎತ್ತಿದ ಕೂಡಲೇ ಅಲ್ಲಿನ ಕೂದಲು ಸಡಿಲಾಗಿ ಚೀಲದ ಹಾಗೆ ಇಳಿಯುತ್ತದೆ. ನೇರ ಕೂತು, ಗದ್ದ ಒಂಚೂರು ಮೇಲೆತ್ತಿ ಶುರುಮಾಡಿ. ಮೊದಲ ಎರಡು ಹೆಣಿಗೆ ಹೇಗೂ ಸರಿಯಾಗಿ ಕೂರುವುದಿಲ್ಲ. ಕೆಳಗೆ ನಾಲ್ಕಾರು ಹೆಣಿಗೆ ಆದ ಮೇಲೆ ಮೇಲಿನ ಎಳೆಗಳನ್ನು ಒಂದೊಂದಾಗಿ ಮೃದುವಾಗಿ ಎಳೆದು ಸರಿಮಾಡಿಕೊಳ್ಳಬಹುದು. ಅದೂ ಬರದಿದ್ದರೆ, ಕಲಿಯುವವರೆಗೆ ಮೊದಲು ಕತ್ತಿನ ಹತ್ತಿರ ಬಟ್ಟೆಯ ಹೇರ್ ಬ್ಯಾಂಡಿನಿಂದ ಪೋನಿಟೇಲ್ ಕಟ್ಟಿ ಅದರ ಕೆಳಗೆ ಹೆಣೆಯಿರಿ. ಕೂದಲು ಜಾರುವುದಿಲ್ಲ. ಆದರೆ ಎಳೆತವೆಲ್ಲ ಬ್ಯಾಂಡ್ ಇರುವ ಒಂದೇ ಜಾಗಕ್ಕೆ ಬೀಳುತ್ತದೆ, ದಿನವೂ ಅಲ್ಲೇ ಕಟ್ಟಿದರೆ ಆ ಜಾಗದಲ್ಲಿ ಕೂದಲು ತುಂಡಾಗತೊಡಗುತ್ತದೆ. ಬ್ಯಾಂಡನ್ನು ಆಗಾಗ ಒಂದೆರಡು ಬೆರಳಿನಷ್ಟು ಮೇಲೆ ಕೆಳಗೆ ಮಾಡುತ್ತಿರಿ.

ಬಿಗಿ ಜಡೆ, ಒದ್ದೆ ಜಡೆ

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕೂದಲು ಬೆಳೆಯುವುದು ಚರ್ಮದೊಳಗಿನ ಬುಡದಲ್ಲಿ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಕೆಲವರಿಗೆ ಸ್ವಲ್ಪ ಹೆಚ್ಚು. ಹೊರಗೆ ಎಷ್ಟು ಎಳೆದರೂ ಈ ವೇಗ ಬದಲಾಗುವುದಿಲ್ಲ. ಆದರೆ ಜಡೆ ಹಾಕಿದ ಕೂದಲು ಉಜ್ಜಿಕೊಳ್ಳುವುದು, ಸಿಕ್ಕಾಗುವುದು ಕಡಿಮೆ. ಹಾಗಾಗಿ ತುಂಡಾಗುವುದೂ ಕಡಿಮೆ. ಬೆಳೆದದ್ದು ಉಳಿದುಕೊಳ್ಳುತ್ತದೆ, ನೋಡಿದವರಿಗೆ ಜಡೆಯಿಂದಲೇ ಬೆಳೆದ ಹಾಗೆ ಕಾಣುತ್ತದೆ. ಇದಕ್ಕೆ ಸಡಿಲ ಜಡೆ ಸಾಕು. ಬಿಗಿಯಾಗಿದ್ದರೆ ಲಾಭ ಹೆಚ್ಚುವುದಿಲ್ಲ, ನಷ್ಟ ಮಾತ್ರ ಹೆಚ್ಚುತ್ತದೆ.

ನಷ್ಟ ಸಣ್ಣದಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬುಡ ಎಳೆತಕ್ಕೆ ಸಿಕ್ಕಿದರೆ ಅಲ್ಲಿ ಕೂದಲು ತೆಳುವಾಗುತ್ತದೆ. ಚರ್ಮವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯ ಅನ್ನುತ್ತಾರೆ. ಹೆಚ್ಚಾಗಿ ಶುರುವಾಗುವುದು ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ, ಮೇಲೆ. ನಿಮಗೆ ಚುರುಚುರು ಅಂದ ಜಾಗ ಅದೇ. ಬೇಗ ಗಮನಿಸಿ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ಬಹಳ ಕಾಲ ಹಾಗೇ ಮುಂದುವರಿದರೆ ಬುಡವೇ ಸತ್ತು ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಒಂದು ದಿನದ ಬಿಗಿ ಜಡೆಯಿಂದ ಹೀಗಾಗುವುದಿಲ್ಲ, ಹೆದರಬೇಡಿ. ಆದರೆ ಜಡೆ ಹಾಕಿದ ಮೇಲೆ ನೋವಿದ್ದರೆ, ಹುಬ್ಬು ಎತ್ತಿದಾಗ ಚರ್ಮ ಎಳೆದಂತೆ ಅನಿಸಿದರೆ, ಅಭ್ಯಾಸವಾಗುತ್ತೆ ಬಿಡು ಅಂತ ಇರಬೇಡಿ. ಅಲ್ಲೇ ಸಡಿಲಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ, ಗಿಡ್ಡ ಗಿಡ್ಡ ತುಂಡು ಕೂದಲು, ಹಣೆ ಹಿಂದೆ ಸರಿದಂತೆ ಕಾಣುವುದು, ಇವೆಲ್ಲ ಚರ್ಮವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಎಣ್ಣೆ ಬದಲಾಯಿಸಿ ನೋಡುತ್ತಾ ಕೂರಬೇಡಿ.

ಐದು ಕಾಲಿನ ಜಡೆ ನಿಲ್ಲುವುದಕ್ಕೆ ಬುಡದ ಬಿಗಿ ಬೇಕಾಗಿಯೇ ಇಲ್ಲ. ಎಳೆಗಳು ಒಂದಕ್ಕೊಂದು ಹೆಚ್ಚು ಕಡೆ ಸಿಕ್ಕಿಕೊಂಡಿರುವುದರಿಂದ ಆ ತಡೆಯೇ ಹಿಡಿದಿಡುತ್ತದೆ. ಒಂದೇ ಸಮನಾದ ಎಳೆತ ಇರಬೇಕು, ಅದು ಮುಖ್ಯ. ಒಂದು ಹೆಣಿಗೆ ಬಿಗಿ, ಇನ್ನೊಂದು ಸಡಿಲ ಆದಾಗ ಜಡೆ ಜಾರುತ್ತದೆ.

ಗೆಳತಿ ಹೇಳಿದ್ದನ್ನು ಮಾತ್ರ ಬೇಡ ಅನ್ನುತ್ತೇನೆ. ಒದ್ದೆ ಕೂದಲು ಮಾತು ಕೇಳುತ್ತದೆ, ನಿಜ. ಆದರೆ ನೀರು ಹೀರಿದಾಗ ಕೂದಲಿನ ಒಳಗಿನ ಕೆಲವು ಬಂಧಗಳು ಬಿಚ್ಚಿಕೊಂಡು ಅದು ಮೆತ್ತಗಾಗುತ್ತದೆ, ಒಣಗಿದ್ದಾಗಿನಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಸುಲಭಕ್ಕೆ ತುಂಡಾಗುತ್ತದೆ. ಹಿಗ್ಗಿದಾಗ ಹೆಣೆದದ್ದು ಒಣಗುತ್ತಾ ಕುಗ್ಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಜಡೆ ಮಧ್ಯಾಹ್ನಕ್ಕೆ ಬುಡ ಎಳೆಯತೊಡಗುವುದು ಹೀಗೆ. ದಪ್ಪ ಜಡೆಯ ಒಳಭಾಗ ಎಷ್ಟೋ ಹೊತ್ತು ಒದ್ದೆಯಾಗಿಯೇ ಉಳಿಯುತ್ತದೆ, ವಾಸನೆ ಬರುತ್ತದೆ. ಗುಂಗುರು ಕೂದಲಿನವರದು ಸ್ವಲ್ಪ ಬೇರೆ. ಅವರು ಸಿಕ್ಕು ಬಿಡಿಸುವುದನ್ನು ಕಂಡೀಷನರ್ ಹಚ್ಚಿ ಒದ್ದೆಯಲ್ಲೇ ಮಾಡುವುದು ಒಳ್ಳೆಯದು, ಆದರೆ ಹೆಣೆಯುವುದು ಒಣಗಿದ ಮೇಲೆಯೇ.

ನಿಮ್ಮ ಕೂದಲಿಗೆ ಯಾವುದು ಒಪ್ಪುತ್ತದೆ?

ಕಾಲು ಜಾಸ್ತಿಯಾದರೆ ಜಡೆ ದಪ್ಪ ಕಾಣುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇರುವ ಕೂದಲು ಅಷ್ಟೇ, ಪಾಲು ಮಾತ್ರ ಜಾಸ್ತಿ. ಐದು ಕಾಲಿನ ಜಡೆ ಅಗಲವಾಗುತ್ತದೆ, ಚಪ್ಪಟೆಯಾಗುತ್ತದೆ. ಹಿಂದಿನಿಂದ ನೋಡಿದರೆ ತುಂಬಿಕೊಂಡ ಹಾಗೆ, ಪಕ್ಕದಿಂದ ನೋಡಿದರೆ ತೆಳು. ದಟ್ಟ ಕೂದಲಿಲ್ಲದವರಿಗೂ ಐದು ಚೆನ್ನಾಗಿಯೇ ಒಪ್ಪುತ್ತದೆ, ಹೆಣೆದ ಮೇಲೆ ಅಂಚಿನ ಎಳೆಗಳನ್ನು ಒಂಚೂರು ಹೊರಕ್ಕೆ ಎಳೆದು ಅಗಲಿಸಿದರೆ ಇನ್ನೂ ಚೆನ್ನ. ಏಳಕ್ಕೆ ಹೋಗಬೇಡಿ. ಎಳೆಗಳು ದಾರದಂತಾಗುತ್ತವೆ, ಬೆರಳೂ ಸಾಲುವುದಿಲ್ಲ. ಸ್ವಂತ ತಲೆಗೆ ಐದೇ ಸಾಕು ಅಂತ ನನ್ನ ಅಭಿಪ್ರಾಯ. ಏಳು ಕಾಲಿನದು ಬೇಕಾದ ದಿನ ಇನ್ನೊಬ್ಬರ ಕೈಗೆ ತಲೆ ಕೊಡುವುದೇ ವಾಸಿ.

ನಾಲ್ಕು ಕಾಲೇ ಬೇಕು ಅನ್ನುವ ಆಸೆ ಇದ್ದರೆ ದುಂಡನೆಯದನ್ನು ಕಲಿಯಿರಿ. ಹಗ್ಗದ ಹಾಗೆ ಬರುತ್ತದೆ, ಎರಡು ಕಡೆಗೂ ಒಂದೇ ನಿಯಮ. ಎರಡೂ ಕೈಯಲ್ಲಿ ಎರಡೆರಡು ಎಳೆ. ಎಡಗಡೆಯ ಹೊರ ಎಳೆಯನ್ನು ಎರಡು ಎಳೆಗಳ ಅಡಿಯಿಂದ ಒಯ್ದು, ಕೊನೆಗೆ ದಾಟಿದ ಒಂದರ ಮೇಲಿಂದ ವಾಪಸ್ ತನ್ನಿ. ಅದು ಎಡಗೈಗೇ ಮರಳುತ್ತದೆ, ಆದರೆ ಈಗ ಒಳಗಿನ ಎಳೆಯಾಗಿ. ಆಮೇಲೆ ಬಲಗಡೆಯಿಂದ ಹಾಗೇ. ಸರದಿ ಮರೆತರೆ ನಡುವಿನ ಎರಡು ಎಳೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ಮೇಲೆ ಕೂತಿರುವ ಎಳೆ ಯಾವ ಕೈಯದೋ ಆ ಕೈಯ ಕೆಲಸ ಈಗಷ್ಟೇ ಮುಗಿದಿದೆ, ಇನ್ನೊಂದರ ಸರದಿ. ಇದು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಸಣ್ಣಗೆ ಕಾಣುತ್ತದೆ.

ಸಾವಿರ ಕಾಲಿನ ಜಡೆ, ಅಂದರೆ ಈಗ ಫಿಶ್‌ಟೇಲ್ ಅನ್ನುವುದು, ನೋಡಲು ಎಲ್ಲಕ್ಕಿಂತ ಕಷ್ಟ ಅನಿಸಿದರೂ ಕೈಯಲ್ಲಿರುವುದು ಎರಡೇ ಪಾಲು. ಒಂದು ಪಾಲಿನ ಹೊರಗಿನಿಂದ ತೆಳು ಎಳೆ ತೆಗೆದು ಇನ್ನೊಂದು ಪಾಲಿನ ಒಳಗೆ ಸೇರಿಸುತ್ತಾ ಹೋಗುವುದು ಅಷ್ಟೆ. ತಪ್ಪುವ ಭಯ ಇಲ್ಲ. ಆದರೆ ಸೊಂಟದುದ್ದದ ಕೂದಲಿಗೆ ಬಹಳ ಹೊತ್ತು ಹಿಡಿಯುತ್ತದೆ, ಬಿಚ್ಚುವಾಗ ಸಿಕ್ಕೂ ಜಾಸ್ತಿ. ಲೇಯರ್ ಕಟ್ ಮಾಡಿಸಿದ ಕೂದಲಿಗಂತೂ ಇದು ಬೇಡ, ಮೋಟು ತುದಿಗಳೆಲ್ಲ ಹೊರಗೆ ಚುಚ್ಚಿಕೊಂಡು ನಿಲ್ಲುತ್ತವೆ.

ಕೊನೆಯ ಭಾಗದ ಬಗ್ಗೆ ನೀವು ಕೇಳಿಲ್ಲ, ಆದರೆ ಅಲ್ಲಿಗೆ ತಲುಪಿದಾಗ ಕೇಳುತ್ತೀರಿ. ತುದಿಯ ಕಡೆ ಎಲ್ಲರ ಕೂದಲೂ ತೆಳುವಾಗುತ್ತದೆ. ನಿಮ್ಮ ಸೊಂಟದ ಹತ್ತಿರದ ತುದಿಗೆ ಐದಾರು ವರ್ಷ ವಯಸ್ಸಾಗಿದೆ, ಅಷ್ಟು ದಿನದ ಉಜ್ಜಾಟ ತಿಂದಿದೆ. ಐದು ಎಳೆಯಲ್ಲಿ ಒಂದೆರಡು ಬೇಗ ಮುಗಿದುಹೋಗುತ್ತವೆ. ಆಗ ಹಟ ಹಿಡಿಯದೆ ತೆಳುವಾದದ್ದನ್ನು ಪಕ್ಕದ್ದಕ್ಕೆ ಸೇರಿಸಿ ಮೂರು ಕಾಲಿಗೆ ಇಳಿದು ಮುಗಿಸಿ. ಯಾರಿಗೂ ಗೊತ್ತಾಗುವುದಿಲ್ಲ. ಬರೀ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಇರಲಿ.

ಇನ್ನು ನಿಮ್ಮನ್ನು ಹೆದರಿಸಿದ ಆ ಒಂದು ಹಿಡಿ ಕೂದಲು. ಯಾರಿಗೇ ಆದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ಬಿಟ್ಟ ಕೂದಲಲ್ಲಿ ಅವು ಅಲ್ಲಲ್ಲಿ ಬಿದ್ದುಹೋಗುತ್ತವೆ, ಗಮನಕ್ಕೇ ಬರುವುದಿಲ್ಲ. ಜಡೆಯಲ್ಲಿದ್ದರೆ ಉದುರಿದ್ದು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಎರಡು ದಿನದ್ದು ಒಟ್ಟಿಗೆ ಬಂದಾಗ, ಅದೂ ಸೊಂಟದುದ್ದದ್ದು, ರಾಶಿಯಾಗಿ ಕಾಣುತ್ತದೆ. ಮುಂದಿನ ಸಲ ಹತ್ತಿಪ್ಪತ್ತು ಕೂದಲನ್ನು ಬೆಳಕಿನಲ್ಲಿ ಹಿಡಿದು ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟು ಇದ್ದರೆ ಅದು ಕಾಲ ಮುಗಿದು ತಾನಾಗಿ ಉದುರಿದ್ದು. ಗಂಟಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಎಲ್ಲೋ ತುಂಡಾಗುತ್ತಿದೆ ಅಂತ ಅರ್ಥ. ಬ್ಯಾಂಡ್, ಬಾಚುವ ರೀತಿ, ಬಿಚ್ಚುವ ಅವಸರ ಇವುಗಳಲ್ಲಿ ಒಂದನ್ನು ಬದಲಾಯಿಸಬೇಕು. ಬಿಚ್ಚುವಾಗ ತುದಿಯಿಂದ ಶುರುಮಾಡಿ ಬೆರಳಲ್ಲೇ ಮೇಲಿನವರೆಗೆ ಬಿಡಿಸಿ, ಬಾಚಣಿಗೆ ಆಮೇಲೆ. ಬ್ಯಾಂಡ್ ಕೂದಲಿಗೆ ಸುತ್ತಿಕೊಂಡಿದ್ದರೆ ಎಳೆಯದೆ ಬ್ಯಾಂಡನ್ನೇ ಕತ್ತರಿಸಿ. ಬಿಳಿ ಗಂಟಿರುವ ಕೂದಲೇ ಪ್ರತಿದಿನ ಈ ಲೆಕ್ಕಕ್ಕಿಂತ ತೀರಾ ಜಾಸ್ತಿ ಬರುತ್ತಿದ್ದು, ವಾರಗಟ್ಟಲೆ ಹಾಗೇ ಇದ್ದರೆ ಜಡೆಯನ್ನು ದೂರದೆ ಚರ್ಮವೈದ್ಯರನ್ನು ಕಾಣಿ.